ತತ್ತಿಯೊಳಗಿನ ಎಲುಬು

ಸವಣೂರಿನ ಬಸ್ಸಿನಿಂದ ಮಾಸ್ತರು ಎಲ್ಲರ ಹಾಗೆ ಇಳಿಯುತ್ತಿರಲಿಲ್ಲ. ವೀಳ್ಯದೆಲೆಯ ಬುಟ್ಟಿಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು, ಬೆನ್ನು ತಿರುಗಿಸಿ, ಕಾಲಿನ ಹೆಬ್ಬೆರಳಿನಿಂದ ನೆಲವನ್ನು ತಡಕಾಡುತ್ತ, ಬಾವಿಗೆ ಇಳಿಯುವವರ ಹಾಗೆ ಇಳಿಯುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ತುದಿಗೆ ಬಂದಿರುತ್ತಿತ್ತು; ಒರೆಸಿಕೊಳ್ಳಲು ಕೈ ಖಾಲಿ ಇರಬೇಕಲ್ಲ. ಬುಟ್ಟಿಯಲ್ಲಿ ಮೇಲೊಂದು ಪದರ ಎಲೆ, ಕೆಳಗೊಂದು ಪದರ ಎಲೆ, ನಡುವೆ ಒಂದು ಡಜನ್ ಕೋಳಿತತ್ತಿ.

ಶಿಗ್ಗಾಂವದ ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮಾಸ್ತರು. ನಾನು ಚಿತ್ರಕಲೆಯವನು; ಅಂದರೆ ಯಾರು ರಜೆ ಹಾಕಿದರೂ ಅವರ ತಾಸಿಗೆ ಹೋಗಿ ಹುಡುಗರನ್ನು ಸುಮ್ಮನೆ ಕೂಡಿಸುವವನು. ಸುಮ್ಮನೆ ಕೂಡಿಸಲು ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ರಜೆ ಹಾಕಿದ ಮಾಸ್ತರನ್ನೇ ಅಣಕಿಸಿ ತೋರಿಸುವುದು. ಹೆಡ್‌ಮಾಸ್ತರರ ಕೆಮ್ಮು, ಗಣಿತದವರ ನಶ್ಯ, ಪ್ಯೂನನ ಕುಂಟು, ಎಲ್ಲವೂ ನನ್ನ ಜೇಬಿನಲ್ಲಿದ್ದವು. ನನ್ನನ್ನೂ ಬಿಡುತ್ತಿರಲಿಲ್ಲ. ಆರಂಕಣದ ಮನೆಗೆ ಮೂರಂಕಣದ ತಲೆಬಾಗಿಲು ಇಟ್ಟಂಥ ನನ್ನ ಮೂಗಿನ ಮೇಲೆ ಊರವರಿಗಿಂತ ನಾನೇ ಹೆಚ್ಚು ಮಾತಾಡಿದ್ದೇನೆ.

ಏಕೀಕರಣವಾಗಿ ಒಂದೆರಡು ವರ್ಷವಾಗಿತ್ತು. ನಾವಿಬ್ಬರೂ ಕಾಳಿನ ವ್ಯಾಪಾರ ಮಾಡುವ ಸಾವ್ಕಾರರೊಬ್ಬರ ಮನೆಯ ಹೊರಖೋಲಿಯಲ್ಲಿ ಬಾಡಿಗೆಗಿದ್ದೆವು. ಸಾವ್ಕಾರರು ದಿನಕ್ಕೆರಡು ಹೊತ್ತು ಲಿಂಗಪೂಜೆಯವರು. ಖೋಲಿ ಕೊಡುವಾಗ ಅವರು ಹಾಕಿದ ಕರಾರು ಒಂದೇ: ಮಾಂಸ, ತತ್ತಿ ಹೊಸ್ತಿಲು ದಾಟಬಾರದು. ಮಾಸ್ತರೂ ಲಿಂಗ ಕಟ್ಟಿದವರೇ, ಹುಟ್ಟಿದಾಗಿನಿಂದ ತತ್ತಿ ತಿಂದವರಲ್ಲ. ಆದರೆ ತಿನ್ನುವುದಿಲ್ಲ ಎಂಬ ಕಾರಣಕ್ಕೆ ತಿಳಿದುಕೊಳ್ಳಬಾರದೆಂದು ಯಾವ ಶರಣರು ಹೇಳಿದ್ದಾರೆ ಎಂದು ಅವರು ಕೇಳುತ್ತಿದ್ದರು. ಸಾವ್ಕಾರರನ್ನು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಖೋಲಿಯ ಮೂಲೆಯಲ್ಲಿ ಚಹಾಪುಡಿಯ ಒಂದು ಖೋಕಾ, ಕಟ್ಟಿಗೆಯ ಪೆಟ್ಟಿಗೆ, ಇತ್ತು. ಅದರೊಳಗೆ ಅರಳೆ, ಒಂದು ಬಟ್ಟಲು ನೀರು, ಶಾಲೆಯ ಥರ್ಮಾಮೀಟರು, ಪಕ್ಕದಲ್ಲಿ ಸಣ್ಣಗೆ ಉರಿಯುವ ಚಿಮಣಿ. ತತ್ತಿಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿ ದಿನಕ್ಕೆ ಮೂರು ಸಲ ಹೊರಳಿಸುತ್ತಿದ್ದರು. ಮಧ್ಯಾಹ್ನದ ಸರದಿಗೆಂದು ಶಾಲೆಯಿಂದ ಧೋತರದ ಅಂಚು ಹಿಡಿದುಕೊಂಡು ಓಡಿಬರುವರು. ಹಗಲಿನಲ್ಲಿ ದೀಪ ಯಾಕೆಂದು ಸಾವ್ಕಾರರು ಒಮ್ಮೆ ಕೇಳಿದಾಗ, ಒಳಗೆ ಹಳೆಯ ತಾಳೆಗರಿ ಗ್ರಂಥಗಳಿವೆ, ಥಂಡಿ ಹಿಡಿಯಬಾರದು ಎಂದು ನಾನು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅಂದಿನಿಂದ ಸಾವ್ಕಾರರು ನಮ್ಮ ಬಾಗಿಲು ಹಾಯುವಾಗೆಲ್ಲ ಖೋಕಾಕ್ಕೆ ಕೈ ಮುಗಿದು ಹೋಗುತ್ತಿದ್ದರು. ಮಾಸ್ತರು ಆಗ ತಲೆ ಎತ್ತುತ್ತಿರಲಿಲ್ಲ.

ಅವರನ್ನು ಕಾಡುತ್ತಿದ್ದ ಪ್ರಶ್ನೆ ಚಿಕ್ಕದು. ತತ್ತಿಗೆ ಹೊರಗಿನಿಂದ ಬರುವುದು ಗಾಳಿ ಮತ್ತು ಕಾವು, ಅಷ್ಟೇ. ಒಡೆದು ನೋಡಿದರೆ ಬಿಳಿ ಲೋಳೆ, ಹಳದಿ ಲೋಳೆ. ಇಪ್ಪತ್ತೊಂದು ದಿನಕ್ಕೆ ಅದೇ ಲೋಳೆ ಕಾಲೂರಿ ನಡೆಯುತ್ತದೆ. ಹಾಗಾದರೆ ಎಲುಬು ಎಲ್ಲಿಂದ ಬಂತು? ಮೂರು ದಿನಕ್ಕೊಮ್ಮೆ ಒಂದು ತತ್ತಿಯನ್ನು ಒಡೆಯುವರು. ಒಡೆಯುವ ಮುಂಚೆ ಅದಕ್ಕೆ ‘ತಪ್ಪಾತವ್ವಾ’ ಎಂದು ಮೆಲ್ಲಗೆ ಹೇಳುವರು. ಒಳಗಿದ್ದದ್ದನ್ನು ಸುಟ್ಟು ಬೂದಿ ಮಾಡಿ, ಆ ಬೂದಿಯಲ್ಲಿ ಸುಣ್ಣ ಎಷ್ಟಿದೆ ಎಂದು ಶಾಲೆಯ ದ್ರಾವಣಗಳಿಂದ ಪರೀಕ್ಷೆ ಮಾಡುವರು. ಆಮೇಲೆ ಸ್ನಾನ, ಹಣೆಗೆ ಇನ್ನೊಂದು ಬೂದಿ, ಪೂಜೆ. ಮೊದಲ ದಿನಗಳ ಬೂದಿಯಲ್ಲಿ ಸುಣ್ಣ ಇಲ್ಲವೆನ್ನುವಷ್ಟು. ಕೊನೆಯ ದಿನಗಳದ್ದರಲ್ಲಿ ಅದರ ಎಷ್ಟೋ ಪಟ್ಟು. ಅದೇ ಹೊತ್ತಿಗೆ ಚಿಪ್ಪು ತೆಳ್ಳಗಾಗುತ್ತ ಬರುತ್ತಿತ್ತು. ಮರಿ ತನ್ನ ಮನೆಯ ಗೋಡೆ ಕೆರೆದು ತನ್ನ ಎಲುಬು ಕಟ್ಟಿಕೊಳ್ಳುತ್ತಿತ್ತು.

ಗೋಡೆ ಕೆರೆಯುವವರು ಆ ಮನೆಯಲ್ಲಿ ಇನ್ನೊಬ್ಬರಿದ್ದರು.

ಸಾವ್ಕಾರರ ಸೊಸೆ ಹಾನಗಲ್ಲಿನ ಹುಡುಗಿ. ಎರಡು ಕೂಸು ಹುಟ್ಟಿ ಉಳಿದಿರಲಿಲ್ಲ. ಈಗ ಮೂರನೆಯದಕ್ಕೆ ಐದು ತಿಂಗಳು. ಹೆಚ್ಚು ಉಂಡರೆ ಕೂಸು ಬೆಳೆದು ಹೆರಿಗೆ ಕಠಿಣ, ಬಿಳಿಯದು ಕುಡಿದರೆ ಕೂಸಿನ ಮೈಗೆ ಅಂಟುತ್ತದೆ ಎಂದು ಅತ್ತೆ ಆಕೆಯ ರೊಟ್ಟಿ ಕಡಿಮೆ ಮಾಡಿ ಹಾಲು, ಮಜ್ಜಿಗೆ ಎರಡನ್ನೂ ನಿಲ್ಲಿಸಿದ್ದರು. ಮೊದಲಿನ ಎರಡನ್ನೂ ಆಕೆ ತಿಂದು ತಿಂದೇ ಕೊಂದಳೆಂದು ಪಡಸಾಲೆಯಲ್ಲಿ ಮಾತು. ಹೆರಿಗೆಗೆ ತವರಿಗೆ ಕಳಿಸುವುದು, ಈ ಸಲವೂ ಬರಿಗೈಯಾದರೆ ಕರೆತರಲು ಹೋಗುವುದು ಬೇಡ ಎಂದು ತೀರ್ಮಾನವೇ ಆಗಿತ್ತು. ಆಕೆ ಹಿತ್ತಲಿನಲ್ಲಿ ಯಾರೂ ಇಲ್ಲದಾಗ ಗೋಡೆಯ ಸುಣ್ಣ ಕೆರೆದು ನೆಕ್ಕುವುದನ್ನು ನಾವಿಬ್ಬರೂ ನೋಡಿದ್ದೆವು. ನೋಡಿದ ದಿನ ಮಾಸ್ತರು ಉಣ್ಣಲಿಲ್ಲ. ಹೇಳಬೇಕು ಅನ್ನುವರು, ಹೊಸ್ತಿಲ ತನಕ ಹೋಗುವರು, ತಿರುಗಿ ಬರುವರು. ಮದುವೆಯಾಗದ ಬಾಡಿಗೆಯವನು ಮನೆಯ ಸೊಸೆಯ ಬಸಿರಿನ ಮಾತೆತ್ತಿದರೆ ಅದಕ್ಕೆ ಏನೇನು ಅರ್ಥ ಹುಟ್ಟುತ್ತದೆಂದು ಅವರಿಗೆ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ಶಾಲೆಯ ವಾರ್ಷಿಕ ಗ್ಯಾದರಿಂಗ್ ಬಂತು. ಊರೆಲ್ಲ ಸೇರಿದ ಸಂಜೆ. ಸಾವ್ಕಾರರು ಮುಂದಿನ ಕುರ್ಚಿಯಲ್ಲಿದ್ದರು. ನಾನು ಹೆಡ್‌ಮಾಸ್ತರರನ್ನು ಕೆಮ್ಮಿದೆ, ಗಣಿತದವರನ್ನು ಸೀನಿದೆ. ಆಮೇಲೆ ಸಾವ್ಕಾರರನ್ನೇ ಮಾಡಿದೆ. ಅವರದೊಂದು ಚಾಳಿ: ಮಾರಲು ಬಂದ ಜೋಳವನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಉಜ್ಜಿ, ಕಾಳು ಗಟ್ಟಿಯೋ ಟೊಳ್ಳೋ ಎಂದು ಹೇಳುವುದು. ಕಣ್ಣಿಗಿಂತ ಬೆರಳನ್ನು ನಂಬುವವರು. ಕೈಯಲ್ಲಿ ಕಾಳಿಲ್ಲದಿದ್ದರೂ, ಪುರಾಣ ಕೇಳುವಾಗಲೂ ಆ ಎರಡು ಬೆರಳು ಉಜ್ಜುತ್ತಲೇ ಇರುತ್ತಿದ್ದವು. ಸಾವ್ಕಾರರೂ ನಕ್ಕರು. ನಗು ಕುಡಿದ ನನಗೆ ನೆತ್ತಿಗೇರಿತು. ಎಲೆಬುಟ್ಟಿ ಅವುಚಿಕೊಂಡು ಹಿಮ್ಮುಖವಾಗಿ ಬಸ್ಸಿಳಿದೆ, ಎಲೆ ಸರಿಸಿದೆ, ಬುಟ್ಟಿಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕೊಕ್ಕೊಕ್ಕೋ ಎಂದು ಕೂಗಿದೆ. ಹಂದರವೇ ಬೀಳುವಂಥ ನಗು. ಒಬ್ಬರು ಮಾತ್ರ ನಗಲಿಲ್ಲ. ಸಾವ್ಕಾರರ ಬೆರಳು ಉಜ್ಜುವುದು ನಿಂತಿತ್ತು.

ಮನೆಗೆ ನಡೆಯುವಾಗ ಮಾಸ್ತರು ನನ್ನನ್ನು ಬಯ್ಯುತ್ತಾರೆಂದು ಕಾಯುತ್ತಿದ್ದೆ.

“ಕಾವಿಗೆ ಕುಂತ ಕೋಳಿ ಕೂಗೂದಿಲ್ಲಪಾ,” ಅಂದರು. “ಸುಮ್ನ ಕುಂತಿರತೈತಿ. ನೀ ನೋಡದ ಮಾಡಿದಿ.”

ಅಷ್ಟೇ. ಬಯ್ದಿದ್ದರೆ ಬೇಗ ಮರೆಯುತ್ತಿದ್ದೆನೇನೋ.

ಮರುದಿನ ಮುಂಜಾನೆ ಸಾವ್ಕಾರರು ನಮ್ಮ ಹೊಸ್ತಿಲಲ್ಲಿ ನಿಂತು, ಖೋಕಾದಲ್ಲಿ ಏನಿದೆ ಎಂದು ಕೇಳಿದರು. ನಾನು ‘ಗ್ರಂಥ’ ಅನ್ನಲು ಬಾಯಿ ತೆರೆದೆ. ಗ್ರಂಥ ‘ಚಿಂವ್’ ಅಂದಿತು. ಆವತ್ತು ಇಪ್ಪತ್ತೊಂದನೆಯ ದಿನ.

ಮಾಸ್ತರು ಮುಚ್ಚಳ ತೆಗೆದು ಎಲ್ಲವನ್ನೂ ಒಪ್ಪಿಕೊಂಡರು. ನನ್ನ ಸುಳ್ಳನ್ನೂ ತಮ್ಮ ತಲೆಗೆ ಹಾಕಿಕೊಂಡರು. ಸಾವ್ಕಾರರು ಖೋಕಾಕ್ಕೆ ಮುಗಿದ ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡು, ಹುಣ್ಣಿಮೆಯೊಳಗೆ ಖೋಲಿ ಬಿಡಬೇಕೆಂದರು.

“ಬಿಡ್ತೇನ್ರಿ,” ಅಂದರು ಮಾಸ್ತರು. ಕಳೆದುಕೊಳ್ಳಲು ಇನ್ನೇನೂ ಉಳಿಯದಾಗ ಬರುವ ಧೈರ್ಯ ಅವರ ದನಿಯಲ್ಲಿತ್ತು. “ಹೋಗೂಕಿಂತ ಮೊದ್ಲ ಒಂದ್ ಮಾಲು ನೋಡ್ರಿ. ನೀವು ಬೆರಳಿಂದ ನೋಡಾವ್ರು.”

ಎರಡು ಚಿಪ್ಪಿನ ಚೂರುಗಳನ್ನು ಮುಂದೆ ಹಿಡಿದರು. ಒಂದು ಮೊದಲ ದಿನ ಒಡೆದ ತತ್ತಿಯದು, ಇನ್ನೊಂದು ಆಗತಾನೆ ಮರಿ ಹೊರಬಂದದ್ದರದು. ಮಾಲು ಎಂಬ ಮಾತು ಕಿವಿಗೆ ಬಿದ್ದರೆ ಸಾವ್ಕಾರರ ಕೈ ತಾನಾಗಿ ಮುಂದೆ ಬರುತ್ತದೆ. ತತ್ತಿ ಮುಟ್ಟುತ್ತಿದ್ದೇನೆ ಎಂಬ ಅರಿವು ಬರುವ ಮೊದಲೇ ಬೆರಳು ತಮ್ಮ ಕೆಲಸ ಶುರುಮಾಡಿದ್ದವು. ಮೊದಲಿನದು ಗಟ್ಟಿಯಾಗಿ ನಿಂತು ಚಟ್ಟನೆ ಮುರಿಯಿತು. ಎರಡನೆಯದು ಹಪ್ಪಳದ ಹಾಗೆ ಪುಡಿಯಾಯಿತು. ಮತ್ತೊಮ್ಮೆ ಉಜ್ಜಿದರು.

“ಇದು ಟೊಳ್ಳು,” ಅಂದರು, ವ್ಯಾಪಾರದ ದನಿಯಲ್ಲಿ. “ಇದರಾಗಿನ ಸತ್ವ ಎಲ್ಲಿ ಹೋತು?”

“ಮರಿ ಎಲುಬಿಗೆ ಹೋತ್ರಿ. ಚಿಪ್ಪಿನ ಸುಣ್ಣ ತಗೊಂಡು ಅದು ಎಲುಬು ಮಾಡ್ಕೋತೈತಿ. ನಿಮ್ಮ ಸೊಸಿಗೆ ಚಿಪ್ಪಿಲ್ಲ. ಹೊಟ್ಟ್ಯಾಗಿನ ಕೂಸು ಆಕಿ ಮೈಯಿಂದನ ತಗೋಬೇಕು. ಅದಕ್ಕ ಆಕಿ ಗ್ವಾಡಿ ಕೆರೀತಾಳೋ ಏನೋ. ನೀವು ನೋಡಿದ್ರ ಹಾಲು ಬಂದ್ ಮಾಡೀರಿ.”

ಸಾವ್ಕಾರರು ಪಡಸಾಲೆಯ ಕಡೆ ಒಮ್ಮೆ ತಿರುಗಿ ನೋಡಿ, ದನಿ ಇಳಿಸಿ ಕೇಳಿದರು. “ಹಾಲು ಕೊಟ್ರ ಕೂಸು ಉಳಿತೈತೇನ್ರಿ?”

“ಹಂಗ ಹೇಳಾಕ ನನಗ ಬರೂದಿಲ್ರಿ. ನಾ ನೋಡಿದ್ದು ಬರೇ ಕೋಳಿ. ಆದರ ಆಕಿ ತಿಂದು ಕೊಂದ್ಲು ಅಂತೀರಲ್ಲ, ಅದು ಸುಳ್ಳು. ಅಷ್ಟು ಮಾತ್ರ ಹೇಳ್ತೇನಿ.”

ಸಾವ್ಕಾರರು ಕರಾರು ಮುರಿದದ್ದನ್ನು ಕ್ಷಮಿಸಲಿಲ್ಲ. ನಾವು ಹುಣ್ಣಿಮೆಗೆ ಮೂರು ದಿನ ಮೊದಲೇ ಖಾನಾವಳಿಯ ಅಟ್ಟಕ್ಕೆ ಹೋದೆವು. ಮರಿಗಳು ಅದೇ ಎಲೆಬುಟ್ಟಿಯಲ್ಲಿ ಸವಣೂರಿಗೆ, ಮಾಸ್ತರಿಗೆ ತತ್ತಿ ಮಾರಿದ್ದ ಅಜ್ಜಿಯ ಮನೆಗೆ ಹೋದವು. ಆದರೆ ನಾವು ಅಲ್ಲಿದ್ದ ಕೊನೆಯ ಸಂಜೆಗಳಲ್ಲಿ ಸಾವ್ಕಾರರೇ ಹಾಲಿನ ಚರಿಗೆ ಹಿಡಿದು ಒಳಗೆ ಹೋಗುವುದನ್ನು, ಸೊಸೆ ಕುಡಿದು ಮುಗಿಸುವ ತನಕ ಬಾಗಿಲಲ್ಲಿ ನಿಲ್ಲುವುದನ್ನು ನೋಡಿದೆ. ಅತ್ತೆಯ ಬಾಯಿ ಮುಚ್ಚಿತ್ತು.

ಹಾನಗಲ್ಲಿನಲ್ಲಿ ಹೆಣ್ಣು ಕೂಸು ಹುಟ್ಟಿತು, ಉಳಿಯಿತು. ಕರೆತರಲು ಸಾವ್ಕಾರರೇ ಹೋದರಂತೆ. ನಾನು ಕುಣಿಯುತ್ತ ಹೋಗಿ ಸುದ್ದಿ ಹೇಳಿದಾಗ ಮಾಸ್ತರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಆಮೇಲೆ, “ನನ್ನ ತತ್ತಿಗೂ ಆ ಕೂಸಿಗೂ ಗಂಟು ಹಾಕಬ್ಯಾಡ. ಪುರಾವೆ ಇಲ್ಲ,” ಅಂದರು.

ಮುಂದೆ ಅವರಿಗೆ ಹಿರೇಕೆರೂರಿಗೆ ವರ್ಗವಾಯಿತು. ಅಲ್ಲಿಯೂ ಒಂದು ಖೋಕಾ ಇತ್ತೆಂದು ಕೇಳಿದ್ದೇನೆ. ಕಳೆದ ಮಳೆಗಾಲದಲ್ಲಿ ಕಾಮಾಲೆಯಾಗಿ ಎರಡೇ ವಾರದಲ್ಲಿ ಹೋಗಿಬಿಟ್ಟರು. ನಾನು ತಲುಪುವ ಹೊತ್ತಿಗೆ ಮಣ್ಣು ಕೊಟ್ಟಾಗಿತ್ತು.

ಅವರು ಹೋದಮೇಲೆ ನನ್ನ ಅಣಕದ ಅಂಗಡಿ ಅರ್ಧ ಮುಚ್ಚಿದೆ. ಯಾರನ್ನಾದರೂ ಮಾಡುವ ಮುಂಚೆ ಈಗ ಎಂಟು ದಿನ ಅವರನ್ನು ನೋಡುತ್ತೇನೆ. ನೋಡಿದಮೇಲೆ ಎಷ್ಟೋ ಸಲ ಮಾಡುವ ಮನಸ್ಸೇ ಬರುವುದಿಲ್ಲ.

ಹಿರೇಕೆರೂರಿನಿಂದ ತಿರುಗಿ ಬಂದ ಮರುದಿನ ಸಾವ್ಕಾರರ ಅಂಗಡಿಗೆ ಹೋಗಿ ಸುದ್ದಿ ಮುಟ್ಟಿಸಿದೆ. ಮೊಮ್ಮಗಳು ಗಾದಿಯ ಮೇಲೆ ಜೋಳದ ಕಾಳು ಉಜ್ಜುತ್ತ ಕುಳಿತಿದ್ದಳು, ಥೇಟ್ ಅಜ್ಜನ ಹಾಗೆ. ಸಾವ್ಕಾರರು ತಕ್ಕಡಿ ಕೆಳಗಿಟ್ಟು ಹೇಳಿದರು: “ನೀವು ಎಲ್ಲಾರ್ದೂ ಮಾಡ್ತೀರಲ್ಲ. ಅವ್ರದು ಮಾಡ್ರಿ.”

ಕಾಳಿನ ಒಂದು ಖಾಲಿ ಬುಟ್ಟಿ ಅಲ್ಲೇ ಇತ್ತು. ಎದೆಗೆ ಅವುಚಿಕೊಂಡೆ. ಅಂಗಡಿಯ ಕಲ್ಲುಮೆಟ್ಟಿಲನ್ನು ಹಿಮ್ಮುಖವಾಗಿ, ಹೆಬ್ಬೆರಳಿನಿಂದ ತಡಕಾಡುತ್ತ, ಬಾವಿಗೆ ಇಳಿಯುವವರ ಹಾಗೆ ಇಳಿದೆ. ಕೊನೆಯ ಮೆಟ್ಟಿಲು ಮುಗಿದು ನೆಲ ಸಿಕ್ಕಿತು. ಈ ಸಲ ಕೂಗಲಿಲ್ಲ. ಬುಟ್ಟಿಯೊಳಗೆ ಏನೋ ಜೀವ ಇದೆ ಎಂಬಂತೆ ಸುಮ್ಮನೆ ನಿಂತೆ.

ತಲೆ ಎತ್ತಿದರೆ ಸಾವ್ಕಾರರು ಗಾದಿ ಬಿಟ್ಟೆದ್ದು ಹೊಸ್ತಿಲಲ್ಲಿ ನಿಂತಿದ್ದರು. ಎರಡೂ ಕೈ ಮುಗಿದಿದ್ದವು.

“ಒಳಗ ಬರ್ರಿ, ಮಾಸ್ತರ,” ಅಂದರು. “ಬುಟ್ಟಿ ಸಮೇತ ಬರ್ರಿ.”