ಗೋಡೆಯ ಮೇಲಿನ ಅಮ್ಮ

“ಈ ಹೊಳೆಯ ಒಂದೊಂದು ಕಲ್ಲೂ ನನಗೆ ಗೊತ್ತು” ಎಂದು ಪ್ರವಾಸಿಗರಿಗೆ ಹೇಳುತ್ತಲೇ ಗೈಡ್ ಮುಕ್ರೆಮಿನ್ ಗೊತ್ತಿಲ್ಲದ ಕಲ್ಲೊಂದರ ಮೇಲೆ ಕಾಲಿಟ್ಟು ಮೆಲೆಂದಿಜ್ ಹೊಳೆಗೆ ಬಿದ್ದ. ಸೊಂಟದ ಮಟ್ಟದ ನೀರು. ಮುಳುಗಿದ್ದು ಮಾನ ಮಾತ್ರ. ಬಾತುಕೋಳಿಗಳು ಮರ್ಯಾದೆಯಿಂದ ಸರಿದು ಜಾಗ ಬಿಟ್ಟವು.

ನೀರಿನ ಮೇಲೆ ಹಾಕಿದ ಅಟ್ಟಣಿಗೆಯಲ್ಲಿ ಪ್ರವಾಸಿಗರ ಊಟಕ್ಕೆ ರೊಟ್ಟಿ ಬೇಯಿಸುತ್ತಿದ್ದ ಸೋದರತ್ತೆ ಕೆಜ್ಬಾನ್ ಹಂಚನ್ನು ಸೊಸೆಗೆ ಒಪ್ಪಿಸಿ ಎದ್ದಳು. “ಸ್ನಾನ ಆಯ್ತಾ? ಇವರು ಉಣ್ಣೋ ಹೊತ್ತಿಗೆ ನಮ್ಮಮ್ಮನ್ನ ನೋಡ್ಕೊಂಡು ಬರೋಣ ನಡಿ. ಕೊಳಕಾಗಿ ಹೋದ್ರೆ ಬೇಜಾರು ಮಾಡ್ಕೋತಾಳೆ.”

ಅಮ್ಮ ಇದ್ದದ್ದು ಕಣಿವೆಯ ಬಂಡೆಯೊಳಗೆ. ಕೆಜ್ಬಾನ್ ಹುಟ್ಟಿದ ದಿನವೇ ಹೆತ್ತವಳು ತೀರಿಕೊಂಡಿದ್ದಳು; ಒಂದು ಫೋಟೋ ಕೂಡ ಇರಲಿಲ್ಲ. ಚಳಿಗಾಲದಲ್ಲಿ ಮನೆಯವರೆಲ್ಲ ಕುರಿಗಳ ಸಮೇತ ಬಂಡೆ ಕೊರೆದ ಹಳೆಯ ಚರ್ಚೊಂದರಲ್ಲಿ ಬೆಚ್ಚಗಿರುತ್ತಿದ್ದರು. ಒಲೆಯ ಹೊಗೆಗೆ ಕಪ್ಪಾದ ಗೋಡೆಚಿತ್ರದಿಂದ ಎರಡು ದೊಡ್ಡ ಕಣ್ಣುಗಳು ಮಗುವನ್ನೇ ನೋಡುತ್ತಿದ್ದವು. ತಲೆಯ ಹಿಂದೆ ದುಂಡನೆಯದೇನೋ ಇತ್ತು. ಮಗು ಅದನ್ನು ರೊಟ್ಟಿ ಹಂಚು ಎಂದುಕೊಂಡಿತು. ಹಂಚು ಹೊತ್ತವಳು ಅಮ್ಮನಲ್ಲದೆ ಇನ್ಯಾರು? ಅಜ್ಜಿಯೂ ಅಲ್ಲವೆನ್ನಲಿಲ್ಲ. ಮದುವೆಯ ಹಿಂದಿನ ದಿನವೂ, ಗಂಡನನ್ನು ಮಣ್ಣು ಮಾಡಿದ ಮೇಲೂ ಕೆಜ್ಬಾನ್ ಅಲ್ಲಿಗೇ ಹೋಗಿ ಸುಮ್ಮನೆ ಕುಳಿತು ಬಂದಿದ್ದಳು.

ಆಮೇಲೆ ಹಳೆಯ ಚಿತ್ರಗಳ ಮಸಿ ತೊಳೆಯುವವರು ಬಂದು ಬಾಗಿಲಿಗೆ ಬೀಗ ಹಾಕಿದರು. ವರ್ಷಗಳೇ ಕಳೆದು ಇಂದು ತೆರೆದಿತ್ತು. ಹೊಗೆ ಹೋದ ಮೇಲೆ ಅಮ್ಮ ಉಳಿದಿದ್ದಾಳೋ ಇಲ್ಲವೋ ಎಂಬ ಅಳುಕಿನಲ್ಲಿ ಕೆಜ್ಬಾನ್ ಬೆಳಗಿನ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದ್ದಳು.

ದಾರಿಯುದ್ದಕ್ಕೂ ಪಾಪ್ಲರ್ ಮರಗಳ ಬೀಜದ ಹತ್ತಿ ಗಾಳಿಯಲ್ಲಿ ತೇಲುತ್ತಿತ್ತು, ಕೆಳಗೆ ಬೀಳುವ ಅವಸರವೇ ಇಲ್ಲದಂತೆ. ಎತ್ತರದ ಗೂಡುಗಳಲ್ಲಿ ಪಾರಿವಾಳಗಳು ನಿದ್ದೆಗಣ್ಣಲ್ಲಿ ಗುಟುರು ಹಾಕುತ್ತಿದ್ದವು. ಹೊಳೆ ಹರಿಯುತ್ತಿದೆಯೋ, ಕಣಿವೆಯೇ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದೆಯೋ ತಿಳಿಯದಂಥ ಮಧ್ಯಾಹ್ನ. ಮುಕ್ರೆಮಿನ್‌ನ ಬೂಟು ಮಾತ್ರ ಪಿಚಕ್ ಪಿಚಕ್ ಎಂದು ಲೋಕದ ನೆನಪು ಮಾಡಿಕೊಡುತ್ತಿತ್ತು.

“ನೀನು ಒಳಗೆ ಮಾತಾಡಬೇಡ” ಎಂದಳು ಅತ್ತೆ.

“ನಾನೆಲ್ಲಿ ಮಾತಾಡ್ತೀನಿ ಅತ್ತೆ?”

“ಹೊಳೆನ ಕೇಳು, ಹೇಳುತ್ತೆ.”

ಒಳಗೆ ಗೋಡೆ ಮುಂಜಾವಿನ ಆಕಾಶದಂತೆ ನೀಲಿಯಾಗಿತ್ತು. ಅದೇ ಕಣ್ಣುಗಳು. ಅದೇ ಹಂಚು, ಈಗ ಹಳದಿಯಾಗಿ ಹೊಳೆಯುತ್ತಿತ್ತು. ಅದರ ಕೆಳಗೆ, ಹೊಗೆ ಇಷ್ಟು ಕಾಲ ಮುಚ್ಚಿಟ್ಟಿದ್ದ, ಎದೆಯವರೆಗೆ ಇಳಿದ ಪೊದೆಯಂಥ ಗಡ್ಡ.

ಮಾತನ್ನೇ ಮಾರಿ ಬದುಕುವ ಮುಕ್ರೆಮಿನ್ ಗಡ್ಡದಿಂದ ಅತ್ತೆಯತ್ತ, ಅತ್ತೆಯಿಂದ ಗಡ್ಡದತ್ತ ಕಣ್ಣು ಹೊರಳಿಸಿದ. ಕೆಜ್ಬಾನ್ ನೋಡುತ್ತಲೇ ನಿಂತಳು. ಬಾಗಿಲಿನಿಂದ ತೇಲಿ ಬಂದ ಹತ್ತಿಯ ಎಳೆಯೊಂದು ಅವಳ ತಲೆವಸ್ತ್ರದ ಮೇಲೆ ಕುಳಿತಿತು. ಕೊನೆಗೆ ಅವನಿಗೇ ತಡೆಯಲಾಗಲಿಲ್ಲ.

“ಅತ್ತೆ... ನಿಮ್ಮಮ್ಮಂಗೆ ಗಡ್ಡ ಇದೆಯಲ್ಲ?”

ಕೆಜ್ಬಾನ್ ವಸ್ತ್ರದಂಚು ಸರಿಸಿ ತನ್ನ ಗಲ್ಲ ಸವರಿಕೊಂಡಳು.

“ವಯಸ್ಸಾಯ್ತಲ್ಲಪ್ಪಾ ಅವಳಿಗೆ. ನಂಗೂ ಬಂದಿದೆ, ನೋಡು.”