ಬೇವಿನಕ್ಕನ ಬಿಸಿ ಗೋಧಿ

ಮದುವೆ ಮಾತುಕತೆ ಮುಗಿದ ದಿನವೇ ಆ ಹೆಸರು ಕಿರಿಯ ಸೊಸೆಯಾಗಿ ಹೋಗಲಿದ್ದವಳ ಕಿವಿಗೆ ಬಿದ್ದಿತ್ತು. ಗಂಡಿನ ಮನೆಗೆ ಹೋಗಿ ಬಂದ ಸೋದರತ್ತೆ ಚಪ್ಪಲಿ ಕಳಚುತ್ತಲೇ ಹೇಳಿದಳು: "ಹುಡುಗ ಬಂಗಾರ, ಕಾಳಿನ ಅಂಗಡಿ ಜೋರಾಗಿದೆ. ಅತ್ತೆ ಇಲ್ಲ ಅಂತ ಕುಣೀಬೇಡ ಮತ್ತೆ. ಅತ್ತೆ ಜಾಗಕ್ಕೆ ಓರಗಿತ್ತಿ ಇದ್ದಾಳೆ, ಬೇವಿನಕ್ಕ ಅಂತಾರೆ. ಮೈಯೆಲ್ಲ ಬೇವಿನ ವಾಸನೆ, ಮಾತೂ ಅಷ್ಟೇ ಕಹಿ."

ಸೋದರತ್ತೆ ಸುಳ್ಳು ಹೇಳಿರಲಿಲ್ಲ. ಬೇವಿನಕ್ಕನ ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಅಂಗಡಿ ಮೈದುನನದು, ಮನೆಯೂ ಮೈದುನನದು. ಅವಳದು ಅಂತ ಇದ್ದದ್ದು ಸೊಂಟಕ್ಕೆ ಸಿಕ್ಕಿಸಿಕೊಂಡ ಉಗ್ರಾಣದ ಬೀಗದಕೈ ಒಂದೇ. ಅದೊಂದಿದ್ದುದರಿಂದ ಮನೆಯಲ್ಲಿ ಅವಳ ಮಾತು ನಡೆಯುತ್ತಿತ್ತು.

ಅಂಗಡಿಗೆ ಹೋಗುವ ಕಾಳೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಗೋಧಿಯನ್ನು ಹಲ್ಲಿಗಿಟ್ಟು ಕಚ್ಚುವಳು. ಕಟ್ ಎಂದರೆ ಸರಿ, ಮೆತ್ತಗೆ ಸೀಳಿದರೆ ಇನ್ನೊಂದು ಬಿಸಿಲು. ನೆರಳಲ್ಲಿ ಗರಿಗರಿಯಾಗಿ ಒಣಗಿಸಿದ ಬೇವಿನ ಎಲೆ ಒಂದು ಪದರ, ಗೋಧಿ ಒಂದು ಪದರ. ಹೆಸರುಕಾಳಿಗಾದರೆ ಜರಡಿ ಹಿಡಿದ ಒಲೆಬೂದಿ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು. ಬಿಸಿಲಿನಿಂದ ತಂದ ಕಾಳನ್ನು ಉಗ್ರಾಣದ ನೆಲದ ಮೇಲೆ ಹರಡಬೇಕು, ರಾತ್ರಿಯೆಲ್ಲ ಆರಬೇಕು, ಆಮೇಲೆಯೇ ತುಂಬಿ ಮುಚ್ಚಳ ಹಾಕಬೇಕು.

"ಬಿಸಿ ಕಾಳು ಮುಚ್ಚಿದರೆ ಒಳಗೇ ಬೆವರುತ್ತೆ, ಬೆವರಿದರೆ ಬೂಷ್ಟು. ಜ್ವರ ಬಂದವನಿಗೆ ಹತ್ತು ಕಂಬಳಿ ಹೊದಿಸಿದ ಹಾಗೆ. ತಿಳೀತೇನೇ ದಡ್ಡಿ?"

"ತಿಳೀತಕ್ಕಾ."

"ಎಲ್ಲಿ ತಿಳೀತು? ತಿಳಿದವರು ತಲೆ ಆಡಿಸಲ್ಲ, ಕೈ ಹಾಕಿ ನೋಡ್ತಾರೆ."

ಒಂದು ಬೇಸಿಗೆಯಲ್ಲಿ ಕಿರಿಯವಳ ಗಂಡ ಮಾತ್ರೆಯ ಡಬ್ಬಿ ತಂದ. ಮೂಟೆಗಳ ನಡುವೆ ಇಟ್ಟು, ಬಾಗಿಲ ಸಂದಿಗೆಲ್ಲ ಕಾಗದ ಅಂಟಿಸಿಬಿಟ್ಟರೆ ಸಾಕು, ಅದರ ಗಾಳಿಗೇ ಹುಳ ಸಾಯುತ್ತದೆ ಎಂದ.

"ಹುಳ ಸಾಯೋ ಗಾಳಿ ನಮ್ಮ ಮೂಗಿಗೆ ಮಲ್ಲಿಗೆ ಆಗುತ್ತಾ ಮೈದುನಾ?"

"ಗೋಧೀಲಿ ಎಲೆ ಚೂರು ಸಿಕ್ಕಿದ್ರೆ ಗಿರಾಕಿ ಮುಖ ಸಿಂಡರಿಸ್ತಾನೆ ಅತ್ತಿಗೆ. ಜಗಳ ಯಾಕೆ? ಒಂದು ಡ್ರಮ್ಮು ನಿಮ್ಮ ಬೇವಿಗೆ, ಉಳಿದದ್ದು ಮಾತ್ರೆಗೆ. ಮಳೆ ಕಳೆದ ಮೇಲೆ ತೆಗೆದು ನೋಡೋಣ. ನಿಮ್ಮದು ಚೆನ್ನಾಗಿದ್ರೆ ಬೀಗದಕೈ ನಿಮ್ಮ ಹತ್ರಾನೇ. ಇಲ್ಲಾಂದ್ರೆ ನನಗೆ ಕೊಟ್ಬಿಡಿ. ಉಗ್ರಾಣ ಇವತ್ತು ಸಂಜೇನೇ ಮುಚ್ತೀವಿ, ನಿಮ್ಮ ಡ್ರಮ್ಮು ಪಡಸಾಲೆಗೆ ಬರಲಿ."

ಅವಳ ಗೋಧಿ ಇನ್ನೂ ತಾರಸಿಯ ಬಿಸಿಲಲ್ಲಿತ್ತು. ಆರಲು ಹಾಸುತ್ತಿದ್ದ ನೆಲಕ್ಕೆ ಈಗ ಬಾಗಿಲು ಬೀಳುತ್ತಿತ್ತು.

"ಪಡಸಾಲೇಲಿ ಹಾಸೋಣ ಅಕ್ಕಾ, ಒಂದು ರಾತ್ರಿ ತಾನೆ? ನಾನು ಅವರಿಗೆ ಹೇಳ್ತೀನಿ," ಎಂದಳು ಕಿರಿಯವಳು.

"ನಾನು ಈ ಮನೆಗೆ ಬಂದಾಗ ಇನ್ನೂ ಚಡ್ಡಿ ಹಾಕದ ಹುಡುಗ ಅವನು. ಅವನ ಹತ್ರ ನೆಲ ಬೇಡಲಾ? ಅದಕ್ಕೆ ನೀನು ವಕೀಲಳಾ?"

ಸಂಜೆ ತಾರಸಿಯಿಂದ ಗೋಧಿ ಇಳಿಸಿದ್ದೇ, ಬೇವಿನಕ್ಕ ಪದರ ಪದರವಾಗಿ ಎಲೆ ಹಾಕಿ ತುಂಬಿದಳು. ಕಲಿಸಿದ ಪಾಠದಂತೆ ಕಿರಿಯವಳು ಡ್ರಮ್ಮಿಗೆ ಮೊಣಕೈವರೆಗೆ ಕೈ ಇಳಿಸಿದಳು.

"ಅಕ್ಕಾ, ಇನ್ನೂ ಬಿಸಿ ಇದೆ."

"ನಿನ್ನ ಕೈ ಬಿಸಿ," ಎಂದು ಬೇವಿನಕ್ಕ ಮುಚ್ಚಳ ಬಡಿದಳು.

ಮಳೆ ಕಳೆದು ತೆರೆದಾಗ ಮುಗ್ಗಲು ವಾಸನೆ ಬೀದಿಗೆ ಹೊಡೆಯಿತು. ಮೇಲಿನ ಗೋಧಿ ಹಸಿರು ಹೆಂಟೆಯಾಗಿತ್ತು. ಮಾತ್ರೆಯ ಮೂಟೆಗಳಿಗೆ ಏನೂ ಆಗಿರಲಿಲ್ಲ.

"ಏನತ್ತಿಗೆ, ನಿಮ್ಮ ಬೇವಿಗೇ ಬೂಷ್ಟು ಬಂತಲ್ಲ!" ಎಂದು ಮೈದುನ ನಕ್ಕ. ಅಂಗಡಿಯಾಳುಗಳೂ ನಕ್ಕರು.

ಕಿರಿಯವಳು ಬಾಯಿ ತೆರೆದಳು. ಅಕ್ಕ ಕಣ್ಣಲ್ಲೇ ಗದರಿದಳು. ಬಿಸಿ ಕಾಳು ಮುಚ್ಚಿದೆ ಎನ್ನುವುದಕ್ಕಿಂತ ಸಾಯುವುದು ಲೇಸೆಂಬಂತಿತ್ತು ಆ ಮುಖ.

"ಹೂಂ. ಎಲೇಲಿ ಮುಂಚಿನ ಸತ್ವ ಇಲ್ಲ," ಎಂದಳು ಬೇವಿನಕ್ಕ. ಜನ್ಮವಿಡೀ ನಂಬಿದ ಮರದ ಮೇಲೆಯೇ ಗೂಬೆ ಕೂರಿಸಿ, ಬೀಗದಕೈಯನ್ನು ಮುಚ್ಚಳದ ಮೇಲಿಟ್ಟು ಒಳಗೆ ಹೋದಳು.

ಆ ಮಾತನ್ನೇ ಹಿಡಿದುಕೊಂಡು ಮೈದುನ ಹಿತ್ತಲ ಬೇವು ಕಡಿಸಿದ, ಅಲ್ಲಿಗೂ ಗೋಡೌನು ಬಂತು. "ಸತ್ವ ಇಲ್ಲ ಅಂದವರು ನೀವೇ ಅಲ್ವಾ ಅತ್ತಿಗೆ?" ಅಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ, ಅವಳದು ಒಂದು ರಾತ್ರಿಯ ನೆಲಕ್ಕೆ ಹೋಗಿತ್ತು. ಆಮೇಲೆ ಅಡುಗೆಮನೆ ಹೊಸ್ತಿಲ ಪಕ್ಕ ಕೂತಳು. ಕೆಲಸವಿಲ್ಲ, ಅಧಿಕಾರವಿಲ್ಲ, ಬೈಗುಳವೂ ಕಡಿಮೆಯಾಯಿತು. ಆ ಮೌನಕ್ಕಿಂತ ಬೈಗುಳವೇ ಎಷ್ಟೋ ವಾಸಿ ಅನಿಸುತ್ತಿತ್ತು ಕಿರಿಯವಳಿಗೆ.

ವರ್ಷಗಳು ಕಳೆದು ಬೇವಿನಕ್ಕ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಹಣೆ ಒರೆಸುತ್ತಿದ್ದ ಕಿರಿಯವಳ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಆವತ್ತು ನಿನ್ನ ಕೈ ಬಿಸಿ ಇರಲಿಲ್ಲ ಕಣೆ."

"ಗೊತ್ತಕ್ಕಾ."

"ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ಯಾ?"

"ನೀವೇ ಸುಮ್ಮನಿದ್ರಲ್ಲ."

ಮುದುಕಿ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.

"ನಿನ್ನ ಗಂಡನಿಗೆ ಎಲ್ಲಕ್ಕೂ ಅವಸರ. ನನ್ನ ಉಸಿರು ನಿಂತ ತಕ್ಷಣ ಹೊರಗೆ ಹೊರಿಸ್ತಾನೆ. ನೀನು ತಲೆ ಆಡಿಸಬೇಡ, ಕೈ ಇಟ್ಟು ನೋಡು. ಪೂರ್ತಿ ತಣ್ಣಗಾದ ಮೇಲೇನೇ ಎತ್ತೋಕೆ ಬಿಡು."