ಬುಟ್ಟಿ ವಾಲಿಸಿದ ಕೈ

ನನ್ನ ಮೊಮ್ಮಗಳಿಗೆ ಈಗ ಎಂಟು ವರ್ಷ. ಅವಳ ಬಗ್ಗೆ ಮಾತು ಶುರು ಮಾಡಿದರೆ ನಿಲ್ಲಿಸುವುದು ನನಗೆ ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವಳ ಮೊದಲ ಹಲ್ಲು ಬಿದ್ದಾಗ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದವನು ನಾನು. ಅವಳು ನಡೆಯೋಕೆ ಕಲಿತ ವಾರ ಭಾನುವಾರದ ಆರಾಧನೆಯಲ್ಲಿ ಪ್ರಸಂಗಕ್ಕೆ ನಿಂತು ಏನು ಹೇಳಿದೆನೋ ನನಗೇ ನೆನಪಿಲ್ಲ, ಅವಳು ಎಷ್ಟು ಹೆಜ್ಜೆ ಇಟ್ಟಳು ಅನ್ನೋದು ಮಾತ್ರ ಸಭೆಯವರಿಗೆಲ್ಲ ನೆನಪಿದೆ. ಐದು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಲ್ಲಿ ಉತ್ತರ ಕೊಡುತ್ತಾಳೆ, ನಡುನಡುವೆ ಇಂಗ್ಲಿಷು ಬೇರೆ. ಅದೂ ನನಗೆ ಚೆಂದ. ಅವಳು ಓಡಿಬಂದು ತೊಡೆಯ ಮೇಲೆ ಕೂತರೆ ಈ ಮುದುಕನಿಗೆ ಬೇರೇನೂ ಬೇಡ.

ಅದೇ ಹೊತ್ತಿಗೆ ಇನ್ನೊಬ್ಬ ಹೆಂಗಸಿನ ಮುಖವೂ ಕಣ್ಣ ಮುಂದೆ ಬರುತ್ತದೆ. ಆಗ ಮಗುವನ್ನು ಮೆಲ್ಲಗೆ ತೊಡೆಯಿಂದ ಇಳಿಸಿಬಿಡುತ್ತೇನೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ.

ನಾನು ಕೊಳ್ಳೇಗಾಲದ ಕಡೆಯವನು. ಓದಿದ್ದು ನಾಲ್ಕನೇ ಕ್ಲಾಸು. ರೈಲ್ವೆಯಲ್ಲಿ ಖಲಾಸಿ ಕೆಲಸ ಸಿಕ್ಕಿ ಮದ್ರಾಸಿಗೆ ಬಂದೆ, ಇಲ್ಲೇ ರಿಟೈರಾದೆ, ವೇಲಚೇರಿಯಲ್ಲಿ ಎರಡು ರೂಮಿನ ಮನೆ ಮಾಡಿದೆ. ಈ ಊರಲ್ಲಿ ನಮ್ಮಂಥ ಕನ್ನಡ ಕ್ರೈಸ್ತರ ಮನೆಗಳು ಒಂದು ಮೂವತ್ತು ಇದ್ದವು. ರೈಲ್ವೆಯವರು, ಬ್ಯಾಂಕಿನವರು, ಇನ್ಶೂರೆನ್ಸಿನವರು. ಎಗ್ಮೋರಿನಲ್ಲಿ ಒಂದು ತಮಿಳು ಚರ್ಚಿನ ಹಿಂದಿನ ಹಾಲನ್ನು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಮಗೆ ಬಿಟ್ಟುಕೊಡುತ್ತಿದ್ದರು. ಇದ್ದ ಪಾಸ್ಟರು ವಯಸ್ಸಾಗಿ ಊರಿಗೆ ಹೋದಾಗ ಹಿರಿಯರೆಲ್ಲ ಸೇರಿ, ಹಾಡು ಹೇಳಿಕೊಡುತ್ತಿದ್ದ ನನ್ನನ್ನೇ ಆ ಜಾಗಕ್ಕೆ ನಿಲ್ಲಿಸಿದರು. ಆಫೀಸರುಗಳಿಗೆ ಪ್ರಸಂಗ ಮಾಡೋಕೆ ಖಲಾಸಿ. ಮೊದಲ ವಾರ ಮೇಜು ಹಿಡಿದುಕೊಂಡೇ ನಿಂತಿದ್ದೆ.

ನನಗೆ ಕೂತು ಓದಿ ಪ್ರಸಂಗ ಬರೆಯೋಕೆ ಬರುವುದಿಲ್ಲ. ಬೆಳಿಗ್ಗೆ ಎದ್ದು ಸತ್ಯವೇದದ ಒಂದು ವಚನವನ್ನು ಬೆರಳಿಟ್ಟು ಓದುತ್ತೇನೆ, ಆಮೇಲೆ ಕೆರೆ ಕಡೆ ನಡೆಯುತ್ತೇನೆ. ಇಲ್ಲಿಯವರು ಕೆರೆಗೇ ಏರಿ ಅನ್ನುತ್ತಾರೆ, ನಮ್ಮ ಕಡೆ ಏರಿ ಅಂದರೆ ಕೆರೆಯ ಕಟ್ಟೆ. ಆಗ ವೇಲಚೇರಿ ಇಷ್ಟು ತುಂಬಿರಲಿಲ್ಲ. ನೀರಿನ ಮೇಲೆ ಅಂತರಗಂಗೆ ಹರಡಿಕೊಂಡಿರುತ್ತಿತ್ತು, ಅದರ ಮೇಲೆ ನೀರುಕೋಳಿಗಳು ಓಡಾಡುತ್ತಿದ್ದವು. ಒಂದು ಕಡೆಯಿಂದ ಲಾರಿಗಳು ಬಂದು ಫ್ಲ್ಯಾಟು ಕಟ್ಟೋಕೆ ಮಣ್ಣು ಸುರಿಯುತ್ತಿದ್ದವು, ಇನ್ನೊಂದು ಕಡೆ ಎಮ್ಮೆಗಳು ಕತ್ತಿನವರೆಗೂ ಮುಳುಗಿಕೊಂಡು ಅದನ್ನು ನೋಡುತ್ತಿದ್ದವು. ವಚನ ಬಾಯಿಗೆ ಬರುವವರೆಗೆ ನಡೆಯೋದು, ಅದರ ಅರ್ಥ ಹೊಳೆಯುವವರೆಗೆ ನಿಲ್ಲೋದು. ಒಂದು ಕೊಕ್ಕರೆ ಒಂಟಿ ಕಾಲಲ್ಲಿ ಗಂಟೆಗಟ್ಟಲೆ ನಿಲ್ಲೋದನ್ನು ನೋಡಿಯೇ ನಾನು ಪ್ರಾರ್ಥನೆಯ ಬಗ್ಗೆ ಮೂರು ವಾರ ಮಾತಾಡಿದ್ದೇನೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ವರ್ಷದ ದಿನ ಒಂದು ಬುಟ್ಟಿಯಲ್ಲಿ ವಾಗ್ದಾನದ ಕಾರ್ಡುಗಳನ್ನು ಹಾಕಿರುತ್ತೇವೆ. ಒಂದೊಂದರಲ್ಲೂ ಒಂದು ವಚನ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಕೈಗೆ ಸಿಕ್ಕಿದ್ದನ್ನು ತೆಗೆಯಬೇಕು. ಸಿಕ್ಕಿದ್ದು ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು. ಅದನ್ನು ಕನ್ನಡಿ ಪಕ್ಕದಲ್ಲೋ ಬೀರುವಿನ ಬಾಗಿಲಿಗೋ ಅಂಟಿಸಿ ವರ್ಷವಿಡೀ ನೋಡುತ್ತೇವೆ. ಮಗಳಿಗೆ ಗಂಡು ನೋಡುವಾಗ ಅದನ್ನು ಓದುತ್ತೇವೆ, ಆಪರೇಷನ್ನಿಗೆ ಹೋಗುವಾಗ ಅದನ್ನೇ ಜೇಬಲ್ಲಿ ಇಟ್ಟುಕೊಂಡು ಹೋಗುತ್ತೇವೆ. ತಮಿಳಿನವರಿಗೆ ಅಂಗಡಿಯಲ್ಲಿ ಅಚ್ಚಾದ ಕಾರ್ಡು ಸಿಗುತ್ತಿತ್ತು. ಕನ್ನಡದ್ದು ಇಲ್ಲಿ ಎಲ್ಲಿ ಸಿಗಬೇಕು? ಮದುವೆ ಪತ್ರಿಕೆಗಳ ಖಾಲಿ ಬದಿ ಕತ್ತರಿಸಿ, ಸ್ಕೆಚ್ ಪೆನ್ನಿನಲ್ಲಿ ನನ್ನ ಸೊಟ್ಟ ಅಕ್ಷರದಲ್ಲಿ ನಾನೇ ಬರೆಯುತ್ತಿದ್ದೆ. ಬುಟ್ಟಿ ಹಿಡಿಯುವವನೂ ನಾನೇ.

ಎರಡು ಸಾವಿರದ ಇಸವಿ ಶುರುವಾಗೋದಕ್ಕೆ ಒಂದು ವರ್ಷ ಮುಂಚಿನ ಮಾತು. ನಮ್ಮ ಮನೆಗೆ ಸೊಸೆ ಬಂದು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಗ ಎಗ್ಮೋರ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ, ಬಾಯಿ ಬಿಟ್ಟು ಏನೂ ಹೇಳುವವನಲ್ಲ. ಸೊಸೆ ಬೇರೆಯವರ ನಾಮಕರಣಕ್ಕೆ ಹೋಗೋದನ್ನು ನಿಲ್ಲಿಸಿದ್ದಳು. ಸಭೆಯಲ್ಲಿ ಇನ್ನೊಬ್ಬಾಕೆಯೂ ಇದ್ದಳು. ಬ್ಯಾಂಕಿನವರ ಹೆಂಡತಿ, ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು, ಎಲ್ಲರೂ ಟೀಚರಮ್ಮ ಅನ್ನುತ್ತಿದ್ದೆವು. ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವಳಿಗೂ ಮಕ್ಕಳಿರಲಿಲ್ಲ.

ಆ ವರ್ಷ ಕಾರ್ಡು ಬರೆಯುವಾಗ, ಬಂಜೆಯನ್ನು ಮಕ್ಕಳ ತಾಯಿಯಾಗಿ ಮನೆ ತುಂಬಿಸುತ್ತಾನೆ ಅನ್ನೋ ಕೀರ್ತನೆಯ ವಚನವನ್ನೂ ಬರೆದೆ. ಬರೆದು, ಆ ಕಾರ್ಡಿನ ಮೂಲೆಯನ್ನು ಉಗುರಿನಿಂದ ಸ್ವಲ್ಪ ಮಡಚಿದೆ. ಆಗ ನನಗೆ ಅದು ಪಾಪ ಅನ್ನಿಸಲೇ ಇಲ್ಲ. ದೇವರಿಗೆ ಒಂದು ನೆನಪು ಮಾಡಿದ ಹಾಗೆ, ಅಷ್ಟೇ ಅಂದುಕೊಂಡೆ.

ಮಧ್ಯಾಹ್ನ ಎಲ್ಲರೂ ಸಾಲಾಗಿ ಬಂದರು. ಆ ಕಾರ್ಡನ್ನು ಬುಟ್ಟಿಯ ಅಂಚಿಗೆ ನನ್ನ ಹೆಬ್ಬೆರಳಿನ ಕೆಳಗೆ ಇಟ್ಟುಕೊಂಡಿದ್ದೆ. ಸೊಸೆಗಿಂತ ಮುಂದೆ ಟೀಚರಮ್ಮ ನಿಂತಿದ್ದಳು. ಕಣ್ಣು ಮುಚ್ಚಿ ಕೈ ಚಾಚಿದಳು. ಅವಳ ಬೆರಳು ನೆಟ್ಟಗೆ ನನ್ನ ಹೆಬ್ಬೆರಳಿನ ಹತ್ತಿರವೇ ಬಂತು, ಆ ಮಡಚಿದ ಮೂಲೆಗೆ ತಾಗಿತು. ತೆಗೆಯಬೇಕು ಅನ್ನುವಷ್ಟರಲ್ಲಿ ನಾನು ಬುಟ್ಟಿಯನ್ನು ಆ ಕಡೆ ವಾಲಿಸಿದೆ. ಕಾರ್ಡುಗಳೆಲ್ಲ ಜಾರಿ ಅವಳ ಕೈ ಬೇರೆ ಒಂದರ ಮೇಲೆ ಬಿತ್ತು. ತೆಗೆದು ಓದಿದಳು. ಕರ್ತನಿಗಾಗಿ ಕಾದುಕೊಂಡಿರು ಅನ್ನೋದು.

"ಹೋದ ವರ್ಷಾನೂ ಇದೇ ಬಂದಿತ್ತಲ್ಲ ಅಯ್ಯನೋರೆ," ಅಂದಳು. "ದೇವರ ಕ್ಯೂನಲ್ಲೂ ಟೋಕನ್ ಕೊಟ್ಟು ಕೂರಿಸ್ತಾರಾ?"

ಸಾಲಿನಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಸೊಸೆ ಬಂದಾಗ ಹೆಬ್ಬೆರಳಿನಿಂದ ಕಾರ್ಡನ್ನು ಮೇಲಕ್ಕೆ ತಳ್ಳಿದೆ. ಅವಳು ಓದಿ ಅಲ್ಲೇ ಕೂತುಬಿಟ್ಟಳು.

ಆ ವರ್ಷ ಅಕ್ಟೋಬರಿನಲ್ಲಿ ನನ್ನ ಮೊಮ್ಮಗಳು ಹುಟ್ಟಿದಳು.

ಆ ಸಂತೋಷ ಹೇಗೆ ಹೇಳಲಿ. ಆಸ್ಪತ್ರೆಯ ಆಯಾಗೆ, ಆಟೋದವನಿಗೆ, ಕೆರೆ ದಂಡೆಯಲ್ಲಿ ಎಮ್ಮೆ ಕಾಯುವ ಮುದುಕನಿಗೆ, ಎಲ್ಲರಿಗೂ ಮೈಸೂರು ಪಾಕು ಹಂಚಿದೆ. ಆ ಮುದುಕ ಎಮ್ಮೆಗೂ ಒಂದು ಚೂರು ತಿನ್ನಿಸಿದ. ಒಂದು ವಾರ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಎಂಟನೇ ದಿನ ಟೀಚರಮ್ಮ ತಾನೇ ಹೊಲಿದ ಫ್ರಾಕು ತಂದಳು. ಹಳದಿ ಬಟ್ಟೆಗೆ ಬಿಳಿ ದಾರದಲ್ಲಿ ಸಣ್ಣ ಸಣ್ಣ ಬಾತುಕೋಳಿ. ಮಗುವನ್ನು ಎತ್ತಿಕೊಂಡು ನೆತ್ತಿಯನ್ನು ಮೂಸಿದಳು, ತುಂಬಾ ಹೊತ್ತು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು. "ಆ ಕಾರ್ಡು ನನ್ನ ಹಿಂದೇನೇ ಇತ್ತು ನೋಡಿ. ಯಾರಿಗೆ ಕೊಡ್ಬೇಕು ಅಂತ ದೇವರಿಗೆ ಗೊತ್ತು. ನನಗಲ್ಲ ಅಂತ ಆಗ್ಲೇ ಗೊತ್ತಾಯ್ತು."

ಅವತ್ತು ನನ್ನ ಕಾಲು ನೆಲಕ್ಕೆ ತಾಗಿತು.

ಮನೆಯವಳಿಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದಳು, ತಲೆ ಎತ್ತಲಿಲ್ಲ. "ದೇವರ ಕೈ ಹಿಡಿದು ಬರೆಸೋ ಮೇಷ್ಟ್ರಾದ್ರಾ ನೀವು? ನಾಲ್ಕನೇ ಕ್ಲಾಸಿಗೆ ಇಷ್ಟು, ಐದು ಓದಿದ್ರೆ ಇನ್ನೇನು ಮಾಡ್ತಿದ್ರೋ," ಅಂದಳು. ಇನ್ನೊಂದು ಕಟ್ಟು ಬಿಚ್ಚಿಕೊಂಡು, "ಮಗೂನ ಸಮರ್ಪಣೆ ದಿನ ನಿಮ್ಮ ಸೊಸೆ ಸಾಕ್ಷಿ ಹೇಳ್ತಾಳಂತೆ, ಆ ಕಾರ್ಡು ಹಿಡ್ಕೊಂಡು. ಟೀಚರಮ್ಮ ಮುಂದಿನ ಸಾಲಲ್ಲಿ ಕೂತಿರ್ತಾಳೆ. ನೀವು ಎಲ್ಲಿ ನೋಡ್ತೀರೋ ನೋಡ್ಕೊಳ್ಳಿ," ಅಂದಳು.

ಮಗುವನ್ನು ಸಭೆಯ ಮುಂದೆ ದೇವರಿಗೆ ಒಪ್ಪಿಸಿ, ದೇವರು ಮಾಡಿದ್ದನ್ನು ಸಾಕ್ಷಿ ಹೇಳುವ ಆ ಸಮರ್ಪಣೆ ಡಿಸೆಂಬರಿನ ಮೊದಲ ಭಾನುವಾರ. ಅಲ್ಲಿಯವರೆಗೆ ದಿನಾ ಕೆರೆ ಸುತ್ತಿದೆ, ಒಂದು ವಚನವೂ ಬಾಯಿಗೆ ಬರಲಿಲ್ಲ. ತಲೆಯಲ್ಲಿ ಸತ್ಯವೇದದ ಒಂದೇ ಕತೆ. ಮೈಗೆ ಮೇಕೆಮರಿಯ ಚರ್ಮ ಸುತ್ತಿಕೊಂಡು ಕುರುಡು ತಂದೆಯಿಂದ ಅಣ್ಣನ ಆಶೀರ್ವಾದ ಕದ್ದ ತಮ್ಮನದು. ಕದ್ದ ಆಶೀರ್ವಾದವೂ ಫಲಿಸಿತಲ್ಲ, ದೇವರು ತನ್ನ ಕೆಲಸ ಮಾಡಿದನಲ್ಲ ಅಂತ ಆ ಕತೆಯ ಮೇಲೆ ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೆ. ಅಣ್ಣ ಬೇಟೆಯಿಂದ ಬಂದು, ಅಪ್ಪಾ ನನಗೆ ಏನೂ ಉಳಿಸಿಲ್ಲವಾ ಅಂತ ಗೋಳೋ ಅಂತ ಅತ್ತ ಜಾಗವನ್ನು ಪ್ರತಿ ಸಲವೂ ಬೇಗ ಬೇಗ ದಾಟಿಬಿಡುತ್ತಿದ್ದೆ. ಈ ಸಲ ಅಲ್ಲಿಂದ ಮುಂದಕ್ಕೆ ಹೋಗೋಕೆ ಆಗಲಿಲ್ಲ.

ಸಮರ್ಪಣೆಯ ಹಿಂದಿನ ದಿನ ಬೆಳಿಗ್ಗೆ ಟೀಚರಮ್ಮ ಹಾಲಿನ ಬೂತಿಗೆ ಹೊರಟಿದ್ದಳು. ಕೆರೆ ಕಡೆಯಿಂದ ಹೋಗೋಣ ಬನ್ನಿ ಅಂದೆ. ಕಟ್ಟೆಯ ಮೇಲೆ ನಿಂತು ಎಲ್ಲ ಹೇಳಿದೆ, ಮೂಲೆ ಮಡಚಿದ್ದು, ಹೆಬ್ಬೆರಳು, ವಾಲಿಸಿದ್ದು. ಅವಳು ಹಾಲಿನ ಚೀಲವನ್ನು ಕೈಗೆ ಸುತ್ತಿಕೊಳ್ಳುತ್ತಾ ಬಿಚ್ಚುತ್ತಾ ಇದ್ದಳು.

"ಅಂದ್ರೆ ನನಗೆ ಕಾದಿರು ಅಂದಿದ್ದು ದೇವರಲ್ಲ. ನೀವು."

"ಹೂಂ ಟೀಚರಮ್ಮ. ನಾನೇ."

"ಇನ್ನೊಬ್ಬ ಡಾಕ್ಟರ ಹತ್ರ ಹೋಗೋಣ ಅಂತ ಜನವರಿಯಲ್ಲಿ ಇವರು ಹೊರಟಿದ್ರು, ತಾರೀಖೂ ಗೊತ್ತು ಮಾಡಿದ್ರು. ನಾನೇ ಬೇಡ ಅಂದೆ. ಎರಡು ವರ್ಷ ಒಂದೇ ಮಾತು ಬಂದಿದೆ, ಕಾಯ್ತೀನಿ ಅಂದೆ." ನೀರಿನ ಕಡೆ ನೋಡಿದಳು. "ನನಗೆ ಮೂವತ್ತೆಂಟು ಅಯ್ಯನೋರೆ."

ತಪ್ಪಾಯಿತು ಅಂದೆ, ಆ ಮಾತು ಎಷ್ಟು ಸಣ್ಣದು ಅಂತ ಹೇಳುವಾಗಲೇ ಗೊತ್ತಾಯಿತು.

"ನಿಮ್ಮ ಸೊಸೆಗೆ ಗೊತ್ತಾ?"

"ಇಲ್ಲ."

"ಹೇಳ್ಬೇಡಿ ಅನ್ನೋಷ್ಟು ದೊಡ್ಡ ಮನಸ್ಸು ನನಗಿಲ್ಲ," ಅಂತ ಹೇಳಿ ಹೊರಟಳು. ಹಾಲಿನ ಬೂತಿನ ಕಡೆ ಹೋಗಲಿಲ್ಲ, ಮನೆ ಕಡೆ ಹೋದಳು.

ಮಾರನೇ ದಿನ ಮುಂದಿನ ಸಾಲಿನಲ್ಲಿ ಅವಳ ಕುರ್ಚಿ ಖಾಲಿ ಇತ್ತು. ಸೊಸೆ ಮಗುವನ್ನು ಎತ್ತಿಕೊಂಡು, ಕಾರ್ಡು ಹಿಡಿದು ಮುಂದೆ ಬಂದಳು. ಮಗುವಿಗೆ ಆ ಬಾತುಕೋಳಿ ಫ್ರಾಕನ್ನೇ ಹಾಕಿದ್ದಳು. ಅವಳು ಬಾಯಿ ತೆರೆಯುವ ಮುಂಚೆ ನಾನು ಎದ್ದು ನಿಂತು, ಕೆರೆ ಕಟ್ಟೆಯ ಮೇಲೆ ಹೇಳಿದ್ದನ್ನೇ ಎಲ್ಲರ ಮುಂದೆ ಹೇಳಿದೆ. ಟೀಚರಮ್ಮನ ಡಾಕ್ಟರ ವಿಷಯ ಮಾತ್ರ ಹೇಳಲಿಲ್ಲ, ಅದು ಅವಳದು. ನಾಳೆಯಿಂದ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದೆ.

ಸೊಸೆ ನನ್ನ ಮುಖ ನೋಡಲಿಲ್ಲ. "ಮಾವ, ನಾನು ಹೇಳ್ಬೇಕಾಗಿದ್ದು ಇನ್ನೂ ಹಾಗೇ ಇದೆ. ಕೂತ್ಕೊಳ್ಳಿ," ಅಂದಳು. ಆಮೇಲೆ ಸಭೆಯ ಕಡೆ ತಿರುಗಿದಳು. "ಮಗು ದೇವರು ಕೊಟ್ಟಿದ್ದು. ಕಾರ್ಡು ನಮ್ಮ ಮಾವ ಕೊಟ್ಟಿದ್ದು. ಅದನ್ನ ಅವರಿಗೇ ವಾಪಸ್ ಕೊಡ್ತಿದ್ದೀನಿ." ಮೇಜಿನ ಮೇಲೆ ಇಟ್ಟಳು. ಅಷ್ಟೇ ಅವಳ ಸಾಕ್ಷಿ.

ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ತಂದು ಇಡುತ್ತಿದ್ದಳು, ನೀರು ಇಡುತ್ತಿದ್ದಳು. ಮಗುವನ್ನು ಮಾತ್ರ ನನ್ನಿಂದ ದೂರ ಮಾಡಲಿಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ. ಒಂದು ಕುಟುಂಬ ನಮ್ಮ ಸಭೆ ಬಿಟ್ಟು ಹೋಯಿತು. ಉಳಿದ ಹಿರಿಯರು ಕೂತು ಮಾತಾಡಿ, ಬೇರೆ ಯಾರಿದ್ದಾರೆ, ನೀವೇ ಇರಿ ಅಂದರು. ಕ್ಷಮಿಸಿದ್ದೇವೆ ಅಂತ ಯಾರೂ ಅನ್ನಲಿಲ್ಲ. ಬೇರೆ ಯಾರೂ ಇಲ್ಲ ಅಂದರು, ಅಷ್ಟೇ. ಆ ಹೊಸ ವರ್ಷ ಬುಟ್ಟಿ ಇಡಲಿಲ್ಲ.

ಆಮೇಲೆ ಒಂದು ದಿನ ಸೊಸೆ ಮಗುವನ್ನು ಎತ್ತಿಕೊಂಡು ಹಿಂದಿನ ಬೀದಿಗೆ ಹೋದಳು. ಎರಡು ಗಂಟೆ ಹೊತ್ತು ಬಿಟ್ಟು ಬಂದಳು. ಅಲ್ಲಿ ಏನು ಮಾತಾಯಿತೋ ನನಗೆ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಶುಭ ಶುಕ್ರವಾರದ ಆರಾಧನೆಗೆ ಟೀಚರಮ್ಮ ಬಂದು ಹಿಂದೆ ಕೂತಳು. ಮುಗಿದ ಮೇಲೆ ನನ್ನ ಹತ್ತಿರ ಬಂದು, "ಇನ್ಮೇಲೆ ಬುಟ್ಟಿ ನಾನು ಹಿಡೀತೀನಿ. ಬರೆಯೋದೂ ನಾನೇ," ಅಂದಳು. ಆಗಲಿ ಅಂದೆ. ಆ ವರ್ಷ ಅವರು ಡಾಕ್ಟರ ಹತ್ತಿರ ಹೋದರು. ಎರಡು ವರ್ಷ ಓಡಾಡಿದರು. ಆಗಲಿಲ್ಲ. ಮುಂಚೆಯೇ ಹೋಗಿದ್ದರೆ ಆಗುತ್ತಿತ್ತೋ ಇಲ್ಲವೋ, ಯಾವ ಡಾಕ್ಟರೂ ಹೇಳೋಕಾಗಲ್ಲ. ಆ ಪ್ರಶ್ನೆಯನ್ನು ದಿನಾ ಬೆಳಿಗ್ಗೆ ಕೆರೆ ಸುತ್ತಾ ನಡೆಸಿಕೊಂಡು ಹೋಗುತ್ತೇನೆ, ಹಾಗೇ ಮನೆಗೆ ಕರೆದುಕೊಂಡು ಬರುತ್ತೇನೆ.

ಅಲ್ಲಿಂದ ಇಲ್ಲಿಯವರೆಗೆ ಎಂಟು ಹೊಸ ವರ್ಷ ಆಯಿತು. ಟೀಚರಮ್ಮ ಬುಟ್ಟಿಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿಯುತ್ತಾಳೆ, ಒಳಗೆ ಏನಿದೆ ಅಂತ ಅವಳಿಗೂ ಕಾಣಬಾರದು. ನಾನು ತೆಗೆಯೋದಿಲ್ಲ. ಕೈ ಮೇಲೆ ಹೋಗೋದಿಲ್ಲ. ಕೊನೆಗೆ ಅವಳೇ ಬಂದು, "ಒಂದು ಮಿಕ್ಕಿದೆ ಅಯ್ಯನೋರೆ," ಅಂತ ನನ್ನ ಜೇಬಿಗೆ ಹಾಕಿ ಹೋಗುತ್ತಾಳೆ. ಅದನ್ನು ನಾನು ಓದದೆ ಸತ್ಯವೇದದ ಜಿಪ್ ಕವರಿನೊಳಗೆ ಇಟ್ಟುಬಿಡುತ್ತೇನೆ. ಬೇರೆಯವರ ವಾಗ್ದಾನಕ್ಕೆ ಕೈ ಹಾಕಿದವನು ತನ್ನದನ್ನು ಯಾವ ಕಣ್ಣಿಂದ ಓದಬೇಕು?

ಶನಿವಾರ ಶನಿವಾರ ಮೊಮ್ಮಗಳಿಗೆ ಕನ್ನಡ ಅಕ್ಷರ ಕಲಿಸುವುದು ಟೀಚರಮ್ಮನೇ. ಅಲ್ಲಿಂದ ಬರುವಾಗ ಹುಡುಗಿ ಕುಣಿದುಕೊಂಡು ಬರುತ್ತಾಳೆ. ಹೋದ ವಾರ ಅವಳನ್ನು ಕೆರೆ ಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ಈಗ ನೀರು ಅರ್ಧಕ್ಕೆ ಬಂದಿದೆ, ಸುತ್ತ ಫ್ಲ್ಯಾಟುಗಳು, ಆದರೂ ಒಂದೆರಡು ಕೊಕ್ಕರೆ ಉಳಿದಿವೆ. ನಾನು ಅದನ್ನು ತೋರಿಸುತ್ತಿದ್ದರೆ ಅವಳು ಪಕ್ಕದಲ್ಲಿಟ್ಟಿದ್ದ ನನ್ನ ಸತ್ಯವೇದದ ಜಿಪ್ ಎಳೆದು ಕಾರ್ಡುಗಳನ್ನೆಲ್ಲ ಮಡಿಲಿಗೆ ಸುರಿದುಕೊಂಡಿದ್ದಾಳೆ.

"ತಾತಾ, ಇದು ಟೀಚರಮ್ಮನ ಅಕ್ಷರ," ಅಂದಳು. ಇಷ್ಟು ಮಾತ್ರ ಕನ್ನಡದಲ್ಲಿ. ಉಳಿದದ್ದು ತಮಿಳಲ್ಲಿ, ನನಗೆ ಓದೋಕೆ ಬರುತ್ತೆ, ಓದಲಾ ಅಂತ.

ಬೇಡ ಅನ್ನೋಕೆ ಬಾಯಿ ತೆರೆದೆ. ಅವಳು ಆಗಲೇ ಬೆರಳು ಇಟ್ಟಾಗಿತ್ತು, ನಾನು ಇಡುವ ಹಾಗೆಯೇ, ಒಂದೊಂದು ಅಕ್ಷರದ ಕೆಳಗೆ. ಓದು ಅಂದೆ.

ತಡವರಿಸಿ ತಡವರಿಸಿ ಮೊದಲನೆಯದನ್ನು, ಹೆದರಬೇಡ ನಾನು ನಿನ್ನ ಸಂಗಡ ಇದ್ದೇನೆ ಅನ್ನೋದನ್ನು, ಓದಿ ಮುಗಿಸಿ ನನ್ನ ಮುಖ ನೋಡಿದಳು. ಕಾರ್ಡನ್ನು ತಿರುಗಿಸಿ ಹಿಂದೆ ಏನಾದರೂ ಬರೆದಿದೆಯಾ ಅಂತಲೂ ನೋಡಿದಳು. ಇದರಲ್ಲಿ ಅಳೋ ಅಂಥದ್ದು ಏನೂ ಇಲ್ಲವಲ್ಲ ತಾತಾ ಅಂದಳು, ತಮಿಳಲ್ಲಿ.

"ಇನ್ನೂ ಏಳಿದೆ ಮಗಳೆ," ಅಂದೆ. "ಓದು."